ಅಪ್ಪ ಯಾವ ಖಾನೆಯಲ್ಲಿ?

ನಮ್ಮ ದೊಡ್ಡಪ್ಪನ ತಲೆ ಕೆಟ್ಟಿದ್ದು ಕಂಪ್ಯೂಟರಿನಿಂದ ಎಂದು ನಮ್ಮ ಬಳಗದವರೆಲ್ಲ ಹೇಳುತ್ತಾರೆ. ಈ ವಾದವನ್ನು ನಾನು ಸಾರಾಸಗಟಾಗಿ ತಳ್ಳಿಹಾಕುತ್ತೇನೆ. ಅವರ ತಲೆ ಕಂಪ್ಯೂಟರ್ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಕೆಟ್ಟಿತ್ತು. ಕಂಪ್ಯೂಟರ್ ಬಂದ ಮೇಲೆ ಆದದ್ದಿಷ್ಟೇ, ಕೆಟ್ಟಿದ್ದು ಒಂದು ಶಿಸ್ತಿಗೆ ಬಂತು!

ಬಳಗದವರ ಎರಡನೆಯ ಆರೋಪ ಇನ್ನೂ ಗಂಭೀರವಾದದ್ದು. ಊರ ಮಂದಿಯ ವಿಳಾಸಗಳನ್ನೆಲ್ಲ ಇ-ಮೇಲಿನಲ್ಲಿ ಜೋಡಿಸುವ ಭರದಲ್ಲಿ ದೊಡ್ಡಪ್ಪ ಒಡಹುಟ್ಟಿದ ತಮ್ಮನನ್ನೇ, ಅಂದರೆ ನನ್ನ ಅಪ್ಪನನ್ನೇ, ಮರೆತುಬಿಟ್ಟರಂತೆ. ಅದಕ್ಕೇ ಬೆಳಗಾವಿ ಟಿಳಕವಾಡಿಯ ಅಣ್ಣನಿಗೂ ಖಾನಾಪುರದ ತಮ್ಮನಿಗೂ ಎರಡು ವರ್ಷದಿಂದ ಮಾತಿಲ್ಲವಂತೆ. ಮರೆತರು ಎನ್ನುವುದಕ್ಕೆ ಪುರಾವೆ ಎಲ್ಲಿ? ಆ ಕಂಪ್ಯೂಟರನ್ನು ತೆಗೆದು ನೋಡಿದವರು ಇವರಲ್ಲಿ ಯಾರು? ನಾನು ನೋಡಿದ್ದೇನೆ. ನಾನು ಬೆಳಗಾವಿಯಲ್ಲಿ ಕಾನೂನು ಓದುವ ಹುಡುಗಿ. ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದು ತಂದ ಕಪ್ಪುಗಳಲ್ಲಿ ನಮ್ಮವ್ವ ಈಗ ಸಾಸಿವೆ, ಜೀರಿಗೆ ಹಾಕಿಟ್ಟಿದ್ದಾಳೆ, ಅಷ್ಟು ಗೆದ್ದಿದ್ದೇನೆ. ನೋಡಿದವಳಾಗಿ ಹೇಳುತ್ತೇನೆ: ದೊಡ್ಡಪ್ಪ ಮರೆತಿರಲಿಲ್ಲ. ಮರೆತಿದ್ದರೆ ಜಗಳ ಇಷ್ಟು ದೊಡ್ಡದಾಗುತ್ತಲೇ ಇರಲಿಲ್ಲ.

ಬರುವ ಗುರುವಾರ ದೊಡ್ಡಪ್ಪನ ಒಬ್ಬಳೇ ಮಗಳ, ನಮ್ಮ ಅಕ್ಕನ, ಮದುವೆ. ಅಪ್ಪ ಹೋಗುತ್ತಾನೋ ಇಲ್ಲವೋ ಎನ್ನುವುದು ನಾನಿದನ್ನು ಬರೆಯುವ ಹೊತ್ತಿಗೂ ತೀರ್ಮಾನವಾಗಿಲ್ಲ. ಆದ್ದರಿಂದ ಪ್ರಕರಣವನ್ನು ಮೊದಲಿನಿಂದ ಕೇಳಿ.

ದೊಡ್ಡಪ್ಪ ದುಡಿದದ್ದು ಟಪಾಲು ವಿಂಗಡಿಸುವ ಕೆಲಸದಲ್ಲಿ. ರೈಲಿನಿಂದ ಇಳಿದ ಚೀಲ ಬಿಚ್ಚುವುದು, ಪತ್ರದ ಮೇಲಿನ ಊರು ನೋಡುವುದು, ಗೋಡೆಯ ತುಂಬ ಇರುವ ಖಾನೆಗಳಲ್ಲಿ ಸರಿಯಾದ ಖಾನೆಗೆ ಎಸೆಯುವುದು. ಕೊನೆಕೊನೆಗೆ ಖಾನೆಯ ಕಡೆ ನೋಡುತ್ತಲೂ ಇರಲಿಲ್ಲವಂತೆ. ಊರುಗಳೆಲ್ಲ ಅವರ ಕೈಗೇ ಗೊತ್ತಿದ್ದವಂತೆ. ಇಂಥ ಕೈ ನಿವೃತ್ತಿಯಾದ ಮರುದಿನ ಸುಮ್ಮನೆ ಕೂತೀತೇ? ಸೀದಾ ಅಡುಗೆಮನೆಗೆ ಹೋಯಿತು. ಸಂಜೆ ದೊಡ್ಡವ್ವ ಸಾರಿಗೆ ಇಡಲು ನೋಡುತ್ತಾಳೆ, ಬೇಳೆಯ ಡಬ್ಬಿಯೇ ಇಲ್ಲ.

"ಅಲ್ರೀ, ಬ್ಯಾಳಿ ಡಬ್ಬಿ ಎಲ್ಲಿಟ್ರಿ?"

"ಕಲಬುರ್ಗಿ ಕಡೆ ನೋಡು. ಬಲಕ್ಕ, ಮ್ಯಾಲಿನ ಸಾಲು."

ಯಾವ ಸಾಮಾನು ಯಾವ ಊರಿನಿಂದ ಬರುತ್ತದೋ ಆ ದಿಕ್ಕಿನ ಕಪಾಟಿಗೆ ಅದು! ಅಕ್ಕಿ ಖಾನಾಪುರದ ಕಡೆ, ಮೆಣಸಿನಕಾಯಿ ಬ್ಯಾಡಗಿಯ ಕಡೆ. ಉಪ್ಪು ಸಮುದ್ರದ್ದು, ಆದ್ದರಿಂದ ಗೋವಾದ ಕಡೆ, ಅಂದರೆ ಕಿಟಕಿಯಾಚೆಯ ಕಟ್ಟೆಯ ಮೇಲೆ. ದೊಡ್ಡವ್ವ ಒಂದು ವಾರ ಮನಸ್ಸಿನಲ್ಲೇ ನಕಾಶೆ ಬಿಡಿಸಿಕೊಂಡು ಅಡುಗೆ ಮಾಡಿದಳು. ಎಂಟನೆಯ ದಿನ ಕೈಯಲ್ಲಿ ಸೌಟು ಹಿಡಿದು ಬಾಗಿಲಲ್ಲಿ ನಿಂತಳು. "ಇನ್ನ ಒಳಗ ಕಾಲಿಟ್ರಂದ್ರ ನಿಮ್ಮನ್ನ ಒಂದ್ ಚೀಲದಾಗ ಹಾಕಿ ಲೋಂಡಾ ಗಾಡಿಗೆ ಏರಸ್ತೀನಿ!"

ಮುಂದೆ ಯಾರದೋ ಮನೆಯ ಶಾಂತಿಯ ಊಟಕ್ಕೆ ಹೋದಾಗ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ರಾಶಿ ಕಂಡಿತು. ಅಷ್ಟೇ ಸಾಕಾಯಿತು. ಜನ ಉಂಡು ಹೊರಗೆ ಬರುವಷ್ಟರಲ್ಲಿ ಚಪ್ಪಲಿಗಳು ಅವರವರ ಮನೆಯ ದಾರಿಯ ಪ್ರಕಾರ ವಿಂಗಡಣೆಯಾಗಿದ್ದವು: ಟಿಳಕವಾಡಿಯವು ಇಲ್ಲಿ, ಶಹಾಪುರದವು ಅಲ್ಲಿ, ದೇಸೂರು ಕಡೆಯವು ಗೇಟಿನ ಹೊರಗೆ. ಯಾರ ಚಪ್ಪಲಿ ಯಾರದೆಂದು ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ನಾನು ಕೇಳಿ ಒಂದು ತಾಸು ಕೂತಿದ್ದೇನೆ.

ಇಂಥವರ ಕೈಗೆ ಅಕ್ಕ ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟಳು. "ಅಪ್ಪಗ ಹೊತ್ತ ಹೋಗ್ಲಿ" ಎಂದು ಕೊಟ್ಟಳಂತೆ, ಪಾಪ. ದೊಡ್ಡಪ್ಪ ಇ-ಮೇಲ್ ತೆರೆದರು. ಒಂದು ಬದಿಯಲ್ಲಿ 'ಕಾಂಟ್ಯಾಕ್ಟ್ಸ್' ಎಂದಿತ್ತು. ಒತ್ತಿದರು. ಹೆಸರು, ವಿಳಾಸ ಬರೆಯಲು ಜಾಗ. ಅದರ ಕೆಳಗೆ ಲೇಬಲ್. ಬೇಕಾದಷ್ಟು ಲೇಬಲ್ ಮಾಡಿಕೋ, ಯಾರನ್ನು ಬೇಕಾದರೂ ಯಾವುದರಲ್ಲಿ ಬೇಕಾದರೂ ಹಾಕು! ದೊಡ್ಡಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರಂತೆ, "ಖಾನೆ! ಇದರಾಗೂ ಖಾನೆ ಅದಾವಲ್ಲೋ ಶಿವನ!"

ಮೂರು ತಿಂಗಳು ಹಳೆಯ ಡೈರಿಗಳು, ಮದುವೆ ಕಾರ್ಡುಗಳು, ಔಷಧಿ ಚೀಟಿಯ ಬೆನ್ನುಗಳು ಎಲ್ಲ ಕಂಪ್ಯೂಟರಿಗೆ ಏರಿದವು. ಇ-ಮೇಲ್ ಇಲ್ಲದವರಿಗೆ ತಾವೇ ಇ-ಮೇಲ್ ಮಾಡಿಸಿಕೊಟ್ಟರು. ಹಾಲು ಹಾಕುವವನಿಗೂ ಇದೆ. ಅವನು ಇವತ್ತಿಗೂ ಅದನ್ನು ತೆರೆದಿಲ್ಲ, ಆದರೆ ವಿಳಾಸ ಇದೆಯೆಂಬ ಗತ್ತು ಬಂದಿದೆ.

ರಜೆಯಲ್ಲಿ ನಾನು ಹೋದಾಗ ಅಕ್ಕ ನನ್ನನ್ನು ಕೂರಿಸಿದಳು. "ಸ್ವಲ್ಪ ಸುಧಾರಿಸಿ ಕೊಡ ಬೇ ಇದನ್ನ. ಯಾರ ಹೆಸರೂ ಸಿಗವಲ್ದು." ತೆಗೆದು ನೋಡಿದರೆ ಹೆಸರುಗಳು ಅಕಾರಾದಿಯಲ್ಲಿಲ್ಲ. ಬೆಳಗಾವಿ, ದೇಸೂರು, ಇದಲಹೊಂಡ, ಖಾನಾಪುರ, ಗುಂಜಿ, ಲೋಂಡಾ. ಲೇಬಲ್ಲುಗಳಿಗೆ ಒಂದು, ಎರಡು ಎಂದು ಅಂಕಿ ಕೊಟ್ಟು, ರೈಲು ನಿಲ್ಲುವ ಕ್ರಮದಲ್ಲೇ ಕೂರಿಸಿದ್ದರು.

"ದೊಡ್ಡಪ್ಪಾ, ಅಕಾರಾದಿ ಪ್ರಕಾರ ಇಟ್ರ ಲಗೂನ ಸಿಗತಾವಲ್ರಿ."

"ರೈಲು ಅಕಾರಾದಿ ಪ್ರಕಾರ ಓಡತೈತೇನು?"

ಇದಕ್ಕೆ ಏನು ಪ್ರತಿವಾದ ಹೂಡುತ್ತೀರಿ? ರೈಲೇ ಹೋಗದ ಕಣಕುಂಬಿಯ ಗೆಳೆಯರೊಬ್ಬರು ಯಾವ ಖಾನೆಯಲ್ಲಿದ್ದಾರೆ ಎಂದು ಹುಡುಕಿದೆ. ಅವರೊಬ್ಬರಿಗೇ ಪ್ರತ್ಯೇಕ ಖಾನೆ: 'ಹಳಿ ಇಲ್ಲ, ಬಸ್ಸು'.

ಅಷ್ಟರಲ್ಲಿ ಕಂಪ್ಯೂಟರೇ ನನ್ನ ಪಕ್ಷ ವಹಿಸಿತು. ಇವೆರಡೂ ಒಬ್ಬರೇ ಇದ್ದಂತಿದೆ, ಕೂಡಿಸಿಬಿಡಲೇ ಎಂದು ಕೇಳಿತು. ಕೆಳಗಿನ ಓಣಿಯ ಮಾಸ್ತರರ ಹೆಸರು ಎರಡು ಸಲ ಇತ್ತು, ಒಂದು ಶಾಲೆಯದು, ಇನ್ನೊಂದು ಮನೆಯದು. ನಾನು 'ಹೌದು' ಒತ್ತಲು ಹೋದೆ. ದೊಡ್ಡಪ್ಪ ನನ್ನ ಕೈ ಹಿಡಿದುಕೊಂಡರು. "ತಡಿ ತಡಿ! ಅವ ಸಾಲ್ಯಾಗ ಹುಲಿ, ಮನ್ಯಾಗ ಇಲಿ. ಎರಡೂ ಒಂದ ಖಾನೆದಾಗ ಹಾಕಿದ್ರ ಏನ ಉಳೀತೈತಿ?"

ಒಳಗಿನಿಂದ ದೊಡ್ಡವ್ವನ ದನಿ ಬಂತು. "ನಿಮ್ಮವು ಎಷ್ಟ್ ಖಾನೆ ಮಾಡ್ಕೊಂಡೀರಿ ಅದನ್ನ ಹೇಳ್ರಿ ಮದಲ!"

ಸತ್ತವರ ಹೆಸರುಗಳನ್ನಾದರೂ ಅಳಿಸೋಣ ಎಂದೆ. ಅದಕ್ಕೂ ಒಪ್ಪಲಿಲ್ಲ. ಅವರನ್ನೆಲ್ಲ 'ಬಾಗಿಲು ಹಾಕಿದೆ' ಎಂಬ ಖಾನೆಯಲ್ಲಿ ಇಟ್ಟಿದ್ದರು. ವಿಂಗಡಿಸುವವನ ಕೆಲಸ ಖಾನೆಗೆ ಹಾಕುವುದಷ್ಟೇ, ಹರಿದು ಹಾಕುವುದಲ್ಲ ಎಂದರು. ಆ ಮಾತಿಗೆ ಮಾತ್ರ ನಾನು ವಾದ ಹೂಡಲಿಲ್ಲ.

ಇನ್ನು ಕಳುಹಿಸಿದ ಮೇಲ್ ತಲುಪದೆ ಮರಳಿ ಬಂದರೆ ನಮಗೆಲ್ಲ ಕಿರಿಕಿರಿ. ದೊಡ್ಡಪ್ಪನಿಗೆ ಹಬ್ಬ! "ವಾಪಸ್ ಬಂತು! ನೋಡಿದಿ? ನಡುವ ಯಾರೋ ನಿಂತ ನೋಡಾಕ ಹತ್ಯಾರ." ಒಮ್ಮೆ ಆ ಕಣಕುಂಬಿಯ ಗೆಳೆಯರಿಗೆ ಕಳುಹಿಸಿದ್ದು ಮರಳಿ ಬಂತು. ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ವಿಳಾಸ ತಪ್ಪಿದೆಯೋ ಏನೋ, ಖುದ್ದಾಗಿ ನೋಡಬೇಕೆಂದು ಬುತ್ತಿ ಕಟ್ಟಿಸಿಕೊಂಡು ಬಸ್ಸು ಹತ್ತಿದರು. ಕಾಡಿನ ದಾರಿ, ಇಡೀ ದಿನದ ಪ್ರಯಾಣ. ವಿಳಾಸ ಸರಿಯಾಗಿಯೇ ಇತ್ತು. ಗೆಳೆಯರ ಇನ್‌ಬಾಕ್ಸ್ ತುಂಬಿ ಜಾಗವಿರಲಿಲ್ಲ. ಇಬ್ಬರೂ ಕಟ್ಟೆಯ ಮೇಲೆ ಕೂತು ಮಧ್ಯಾಹ್ನವೆಲ್ಲ ಅದನ್ನು ಖಾಲಿ ಮಾಡಿದರಂತೆ. ತುಂಬಿದ್ದೇನು ಗೊತ್ತೇ? ಎಲ್ಲವೂ ದೊಡ್ಡಪ್ಪನೇ ಕಳುಹಿಸಿದ ಸುಪ್ರಭಾತದ ಚಿತ್ರಗಳು!

ನಗಬೇಡಿ. ನಾನೂ ಮೊದಲು ನಕ್ಕವಳೇ. ಆದರೆ ಊರುಗಳ ಖಾನೆಯ ಕೆಳಗೆ ಅವರು ಸ್ವಭಾವದ ಖಾನೆಗಳನ್ನೂ ಮಾಡಿದ್ದರು. 'ಬರತೀನಿ ಅಂತಾರ, ಬರೂದಿಲ್ಲ.' 'ಬರೂದಿಲ್ಲ ಅಂತಾರ, ನಾಕ ಮಂದಿ ಕರಕೊಂಡ ಬರತಾರ.' 'ಉಂಡ ಮ್ಯಾಲೂ ಏಳೂದಿಲ್ಲ.' 'ಮರಾಠಿಯೊಳಗ ಜಗಳ, ಕನ್ನಡದೊಳಗ ರಾಜಿ', ಇವರು ಬಾಜು ಮನೆಯವರು. ಊಟಕ್ಕೆ ಕರೆಯುವ ದಿನ ದೊಡ್ಡಪ್ಪ ಈ ಖಾನೆಗಳನ್ನು ಕೂಡಿಸಿ ಕಳೆದು, ಇಷ್ಟು ಎಲೆ ಎಂದು ಹೇಳಿಬಿಡುತ್ತಿದ್ದರು. ದೊಡ್ಡವ್ವನ ಮನೆಯಲ್ಲಿ ಹೋಳಿಗೆ ಕಡಿಮೆ ಬಿದ್ದದ್ದೂ ಇಲ್ಲ, ಮರುದಿನಕ್ಕೆ ಉಳಿದದ್ದೂ ಇಲ್ಲ. ಕಾಲೇಜಿನಲ್ಲಿ ನಮ್ಮ ಚರ್ಚಾಕೂಟಕ್ಕೆ ಎಷ್ಟು ಜನ ಬರುತ್ತಾರೆಂದು ಇಂದಿಗೂ ನನಗೆ ಹೇಳಲಾಗುವುದಿಲ್ಲ. ಸಂಶಯಪಡುವುದೇ ನನ್ನ ಕಸುಬು. ಆದರೆ ಕಣ್ಣೆದುರಿನ ಪುರಾವೆಯನ್ನು ಒಪ್ಪದಷ್ಟು ಮೊಂಡಿಯಲ್ಲ.

ಆ ದಿನವೇ ನಾನು ಕೊನೆಯ ಖಾನೆಯನ್ನೂ ನೋಡಿದ್ದೆ. 'ಮನಿಯವರು.' ಅದರಲ್ಲಿ ಐದೇ ಹೆಸರು: ದೊಡ್ಡವ್ವ, ಅಕ್ಕ, ನನ್ನ ಅಪ್ಪ, ಅವ್ವ, ನಾನು. ನೋಡಿ ಖುಷಿಪಟ್ಟೆ, ಮುಂದೆ ಹೋದೆ. ಬಾಂಬು ಅಲ್ಲೇ ಇದೆಯೆಂದು ಯಾರಿಗೆ ಗೊತ್ತಿತ್ತು?

ಆಯಿ, ಅಂದರೆ ಅಪ್ಪ-ದೊಡ್ಡಪ್ಪರ ತಾಯಿ, ಲಿಂಗೈಕ್ಯಳಾಗಿ ವರ್ಷ ತುಂಬಿದ ದಿನ ಟಿಳಕವಾಡಿಯಲ್ಲಿ ಸ್ಮರಣೆಯ ಊಟವಿತ್ತು. ದೊಡ್ಡಪ್ಪ ಒಂದೊಂದೇ ಖಾನೆಯನ್ನು ಆರಿಸಿ ಮೇಲ್ ಕಳುಹಿಸಿದರು. ಬೆಳಗಾವಿಗೆ ಹೋಯಿತು, ದೇಸೂರಿಗೆ ಹೋಯಿತು, ಲೋಂಡಾದವರೆಗೆ ಎಲ್ಲ ನಿಲ್ದಾಣಗಳಿಗೂ ಹೋಯಿತು. 'ಮನಿಯವರು' ಖಾನೆಗೆ ಹೋಗಲಿಲ್ಲ. ಯಾಕೆ ಹೋಗಬೇಕು? ನಮ್ಮ ಕಡೆ ಮನೆಯವರನ್ನು ಯಾರಾದರೂ ಕರೆಯುತ್ತಾರೆಯೇ? ಕರೆಯುವುದು ಹೊರಗಿನವರನ್ನು. ಮನೆಯವನು ತಾನೇ ಎರಡು ದಿನ ಮೊದಲು ಬಂದು, ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿ, ಒಲೆಯ ಮುಂದೆ ನಿಲ್ಲಬೇಕು. ಅಪ್ಪ ನಮ್ಮ ಬಳಗದ ಎಲ್ಲ ಕಾರ್ಯಗಳಲ್ಲಿ ಹಾಗೆ ನಿಂತವನೇ.

ಆದರೆ ಈ ಸಲ ಅಪ್ಪ ಅಣ್ಣನ ಫೋನಿಗಾಗಿ ಕಾಯುತ್ತ ಕೂತಿದ್ದ. ತಾಯಿಯ ಕೆಲಸ, ಅಣ್ಣ ಒಂದು ಮಾತು 'ಏನ ಮಾಡೂಣೋ ತಮ್ಮಾ' ಎಂದು ಕೇಳುತ್ತಾನೆಂದು. ಅಷ್ಟರಲ್ಲಿ ದೇಸೂರಿನ ಪರಿಚಯದವರೊಬ್ಬರು ಅಪ್ಪನ ಅಂಗಡಿಗೆ ಬಂದರು. ಅಪ್ಪನದು ಖಾನಾಪುರದಲ್ಲಿ ಹಂಚು ಮತ್ತು ನೆಲಕ್ಕೆ ಹಾಸುವ ಫರ್ಸಿ ಮಾರುವ ಅಂಗಡಿ. ಬಂದವರು ಫೋನು ತೆಗೆದು ತೋರಿಸಿದರು. "ಟಪಾಲು ಬಂದೈತ್ರಿ ನಿಮ್ಮಣ್ಣಾರದು. ಎಷ್ಟ್ ಛಲೋ ಬರದಾರ ನೋಡ್ರಿ."

ಅಪ್ಪ ತನ್ನ ಮೇಲ್ ತೆಗೆದ. ಇರಲಿಲ್ಲ. ಕಸದ ಮೇಲ್ ಹೋಗಿ ಬೀಳುವ ಜಾಗವನ್ನೂ ತೆಗೆದ. ಅಲ್ಲಿ ಯಾವುದೋ ದೇಶದ ಲಾಟರಿ ಇತ್ತು, ಕೂದಲು ಬೆಳೆಸುವ ಎಣ್ಣೆ ಇತ್ತು. ಅಣ್ಣ ಇರಲಿಲ್ಲ.

ಅವ್ವನಿಗೆ ಬಂದು ಹೇಳಿದ ಮಾತು ನನಗಿನ್ನೂ ನೆನಪಿದೆ. "ಕಸದಾಗೂ ಹುಡಿಕಿದ್ನಿ. ಅವನ ಕಸದಾಗೂ ನಾ ಇಲ್ಲ!"

"ಅಕ್ಕಾರು ದಿನಾ ಫೋನ ಮಾಡಾಕ ಹತ್ಯಾರ, ನಡೀರಿ ಹೋಗೂಣು" ಎಂದಳು ಅವ್ವ. ಅಕ್ಕಾರು ಎಂದರೆ ದೊಡ್ಡವ್ವ.

"ಅವರು ನಿನ್ನ ಕರದಾರ. ನನ್ನ ಯಾರ ಕರದಾರ?"

ಅಪ್ಪ ಹೋಗಲಿಲ್ಲ. ನಾನು, ಅವ್ವ ಹೋದೆವು. ದೊಡ್ಡಪ್ಪ ನಮ್ಮ ಹಿಂದೆ ಗೇಟಿನ ಕಡೆ ಎರಡು ಸಲ ನೋಡಿದರು. ಕೇಳಲಿಲ್ಲ. ಅಂದಿನಿಂದ ಮಾತು ನಿಂತಿತು. ಅವ್ವ ಮತ್ತು ದೊಡ್ಡವ್ವ ಮಾತ್ರ ದಿನಕ್ಕೊಂದು ತಾಸು ಫೋನಿನಲ್ಲಿ ಮಾತನಾಡುತ್ತಾರೆ. ಎರಡು ದೇಶಗಳ ನಡುವೆ ಯುದ್ಧ ನಡೆದಿದ್ದರೂ ಉಪ್ಪಿನಕಾಯಿಯ ಸಾಗಾಟ ಒಂದು ದಿನವೂ ತಪ್ಪಲಿಲ್ಲ.

ಈಗ ಅಕ್ಕನ ಮದುವೆ ಬಂತು. ನೆಂಟರ ಮನೆಗಳಿಗೆಲ್ಲ ಹೋಗಿ ಕಾರ್ಡು ಕೊಟ್ಟಾಯಿತು, ಜೊತೆಗೆ ಇ-ಮೇಲೂ ಹೋಯಿತು. ಖಾನಾಪುರದ ನಮ್ಮ ಮನೆಗೆ ಮಾತ್ರ ಕಾರ್ಡೂ ಇಲ್ಲ, ಮೇಲೂ ಇಲ್ಲ. ಕರೆಯದೆ ಹೋಗಲಾರೆ ಎಂದು ಅಪ್ಪ. ಮನೆಯವನನ್ನು ಕರೆಯಲಾರೆ ಎಂದು ದೊಡ್ಡಪ್ಪ. ಅಕ್ಕ ಫೋನಿನಲ್ಲಿ ಅತ್ತಳು. "ಕಾಕಾ ಇಲ್ಲದ ನನ್ನ ಲಗ್ನ ಹೆಂಗ ಆಕ್ಕೈತಿ ಬೇ? ನೀ ಅಷ್ಟ ಕಪ್ ಗೆದ್ದಿ. ಈ ಇಬ್ಬರನ್ನ ಗೆಲ್ಲಾಕ ಆಗೂದಿಲ್ಲ?"

ಈ ಸವಾಲನ್ನು ಬಿಡುವವಳೇ ನಾನು? ಹೋದ ಭಾನುವಾರ ಬೆಳಿಗ್ಗೆ ಟಿಳಕವಾಡಿಗೆ ಹೋದೆ. ದೊಡ್ಡಪ್ಪ ಕಂಪ್ಯೂಟರಿನ ಮುಂದೆ ಕೂತು ಬೀಗರ ಕಡೆಯವರನ್ನು ಖಾನೆಗೆ ಹಾಕುತ್ತಿದ್ದರು.

"ದೊಡ್ಡಪ್ಪಾ, ಅಪ್ಪಗ ಒಂದ್ ಟಪಾಲು ಹಾಕ್ರಿ."

"ಹಾಕೂದಿಲ್ಲ."

"ಯಾಕ್ರಿ?"

ಅವರು ಮದುವೆಯ ಕಾರ್ಡು ನನ್ನ ಮುಂದೆ ಹಿಡಿದರು. ಕೆಳಗೆ 'ತಮ್ಮ ಆಗಮನ ಬಯಸುವವರು' ಎಂದಿತ್ತು. ದೊಡ್ಡಪ್ಪನ ಹೆಸರು, ಅದರ ಮಗ್ಗುಲಲ್ಲೇ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ, ಅಪ್ಪನ ಹೆಸರು.

"ಅವ ಕರಿಯಾವ. ಕರಿಯಾವ್ನ ಯಾರರ ಕರೀತಾರೇನು? ನಾಳೆ ನನಗ ನಾನ ಒಂದ್ ಕಾರ್ಡ ಕೊಟ್ಕೊಳ್ಳಲೇನು?"

ಬಲವಾದ ವಾದ. ನಾನು ಮನಸ್ಸಿನಲ್ಲೇ ಅದನ್ನು ಜೇಬಿಗೆ ಹಾಕಿಕೊಂಡೆ, ಮಧ್ಯಾಹ್ನಕ್ಕೆ ಬೇಕಾಗುತ್ತದೆಂದು. ಆಮೇಲೆ ಅವರ ಕಸುಬಿನಿಂದಲೇ ಬಾಣ ತೆಗೆದೆ. "ಆತ್ರಿ. ನಿಮ್ಮ ಆಫೀಸಿನ್ಯಾಗ ನಿಮ್ಮ ಬಾಜೂಕ ಕುಂತ ಕೆಲಸ ಮಾಡೋ ಮನಷ್ಯಾಗ ಒಂದ್ ಪತ್ರ ಬಂದ್ರ ಏನ ಮಾಡತಿದ್ರಿ?"

"ಕೊಡತಿದ್ವಿ."

"ಇಲ್ಲೇ ಅದಾನಲ್ಲ, ಒಳಗಿನವ, ಅವಗ್ಯಾಕ ಅಂತ ಇಟ್ಕೊಳ್ಳತಿದ್ರೇನು?"

"ಏ, ಹಂಗ ಹೆಂಗ ಆಕ್ಕೈತಿ? ಪತ್ರ ಅಂದ್ ಮ್ಯಾಲೆ ಶಿಕ್ಕಾ ಹೊಡದು ಕೊಡಾಕ ಬೇಕು."

"ಮತ್ತ?"

ದೊಡ್ಡಪ್ಪ ಕನ್ನಡಕ ತೆಗೆದು ಒರೆಸತೊಡಗಿದರು. ದೊಡ್ಡವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ನಲವತ್ತು ವರ್ಷದಲ್ಲಿ ಈ ಮನುಷ್ಯ ಉತ್ತರ ಸಿಗದೆ ಕೂತಿದ್ದನ್ನು ಅವಳು ನೋಡಿದ್ದು ಇದೇ ಮೊದಲಂತೆ. ಆ ಸಂತೋಷಕ್ಕೆ ನನಗೊಂದು ತಾಟು ಅವಲಕ್ಕಿ ಹೆಚ್ಚಿಗೆ ಬಂತು. "ನಾಳೆ ಮುಂಜಾನಿ ಹಾಕತೀನಿ" ಎಂದರು ದೊಡ್ಡಪ್ಪ, ಬಹಳ ಸಣ್ಣ ದನಿಯಲ್ಲಿ.

ಮಧ್ಯಾಹ್ನದ ರೈಲಿಗೆ ಖಾನಾಪುರಕ್ಕೆ ಬಂದೆ. ಅಪ್ಪ ಊಟ ಮುಗಿಸಿ ಕೂತಿದ್ದ. ದೊಡ್ಡಪ್ಪನ ಮನೆಯಿಂದ ತಂದ ಕಾರ್ಡನ್ನು ಮುಂದಿಟ್ಟು, ಜೇಬಿನಲ್ಲಿದ್ದ ವಾದವನ್ನು ತೆಗೆದೆ. "ಅಪ್ಪಾ, ಈ ಕಾರ್ಡಿನ ಮ್ಯಾಲ ಬಯಸುವವರು ಅಂತ ಯಾರ ಹೆಸರ ಐತಿ ಓದು."

ಓದಿದ. ಮತ್ತೆ ಓದಿದ. ಬೆರಳಿನಿಂದ ತನ್ನ ಹೆಸರನ್ನು ಮುಟ್ಟಿ ನೋಡಿದ.

"ನೀನ ಎಲ್ಲಾರನ್ನೂ ಕರದಿ. ಅವರೆಲ್ಲಾ ಬಂದು ಕುಂತಿರತಾರ, ಕರದಾವ ಖಾನಾಪುರದಾಗ ಕುಂತಿರತಾನ. ಮಂದಿ ಏನ ಅಂತಾರ?"

ಅಪ್ಪ ಎದ್ದು ಹೋಗಿ ಅಟ್ಟದ ಮೇಲಿನ ಚೀಲ ಇಳಿಸಿ ಧೂಳು ಜಾಡಿಸಿದ. ಹೊಸ ಧೋತರ, ಎರಡು ಅಂಗಿ, ಅಡುಗೆಯವರ ಮುಂದೆ ನಿಲ್ಲುವಾಗ ತಲೆಗೆ ಸುತ್ತುವ ಟಾವೆಲ್. ಅವ್ವ ಒಳಗೆ ಹೋಗಿ ದೊಡ್ಡವ್ವನಿಗೆ ಫೋನು ಹಚ್ಚಲು ಹೊರಟಳು. ನಾನೇ ತಡೆದೆ. ಒಬ್ಬರು ಸೋತದ್ದು ಇನ್ನೊಬ್ಬರಿಗೆ ತಿಳಿಯುವುದು ಬೇಡ, ಇಬ್ಬರೂ ತಾವಾಗಿಯೇ ಮೆತ್ತಗಾದರೆಂದು ಇಬ್ಬರೂ ತಿಳಿದುಕೊಳ್ಳಲಿ ಎಂದು ನನ್ನ ಲೆಕ್ಕ. ಒಂದೇ ದಿನ ಒಂದೇ ವಿಷಯದ ಮೇಲೆ ಪರವಾಗಿಯೂ ವಿರೋಧವಾಗಿಯೂ ಮಾತನಾಡಿ ಎರಡರಲ್ಲೂ ಗೆದ್ದವರು ಬೇರೆ ಯಾರಾದರೂ ಇದ್ದಾರೆಯೇ? ಕಪ್ ಕೊಡುವವರು ಯಾರೂ ಇರಲಿಲ್ಲ ಎನ್ನುವುದೊಂದೇ ಕೊರತೆಯಾಗಿ ಕಂಡಿತು ನನಗೆ.

ಮುಂದೇನಾಗುತ್ತದೆಂದು ಈಗ ನಿಮಗೆ ಗೊತ್ತಾಗಿರಬೇಕು. ನನಗೇ ಗೊತ್ತಾಗಲಿಲ್ಲ!

ಸೋಮವಾರ ಬೆಳಿಗ್ಗೆ ಅಪ್ಪ ಚೀಲದ ಬಾಯಿ ಕಟ್ಟಿ, ಮಂಗಳವಾರದ ಮೊದಲ ರೈಲಿಗೆ ಹೊರಡುವುದೆಂದು ಹೇಳಿ, ಚಹಾ ಕುಡಿಯುತ್ತಿದ್ದ. ಫೋನು ಟಿಣ್ ಎಂದಿತು. ಅಣ್ಣನ ಹೆಸರು. ಅದರ ಕೆಳಗೆ ಒಂದು ಸಾಲು: 'ಲಗ್ನದ ಆಮಂತ್ರಣ. ಖಾನಾಪುರ', ಅದರ ಮುಂದೆ ತಪ್ಪದೆ ಪಿನ್ ಕೋಡು. ಇ-ಮೇಲಿಗೆ ಪಿನ್ ಕೋಡು ಹಾಕುವವರು ಜಗತ್ತಿನಲ್ಲಿ ದೊಡ್ಡಪ್ಪ ಒಬ್ಬರೇ ಇರಬೇಕು.

ಅಪ್ಪ ಕಪ್ಪು ಕೆಳಗಿಟ್ಟ.

"ಖಾನಾಪುರದ ಮಂದಿಯೊಳಗ ಹಾಕ್ಯಾನ ನನ್ನ" ಎಂದ. "ನಾ ಮನಿಯವ ಅಂತ ಚೀಲಾ ಕಟಗೊಂಡ್ ಕುಂತೀನಿ. ಅವ ನನಗ ಆಮಂತ್ರಣ ಕೊಡತಾನ! ಊಟಕ್ಕ ಬಂದು ಹೋಗ ಅಂತಾನ!"

ಕರೆಯಲಿಲ್ಲ ಎಂದು ಎರಡು ವರ್ಷ ಮುನಿದವನು ಈಗ ಕರೆದದ್ದಕ್ಕೆ ಮುನಿದ. ಅಸಂಬದ್ಧ ಎನ್ನುತ್ತೀರಾ? ಅವನ ಚೀಲದ ಗಂಟು ಬಿಚ್ಚುವ ಕೈಯನ್ನು ನೋಡಿದ್ದರೆ ಹಾಗೆನ್ನುತ್ತಿರಲಿಲ್ಲ. ಧೋತರವನ್ನು ತೆಗೆದು, ಮಡಿಕೆ ಕೆಡದಂತೆ, ಕಪಾಟಿನಲ್ಲಿ ಮೊದಲಿದ್ದಲ್ಲೇ ಇಟ್ಟ. ಅವ್ವ ನನ್ನ ಕಡೆ ನೋಡಿದಳು. "ಶಾಣ್ಯಾಕಿ" ಎಂದಳು, ಅಷ್ಟೇ. ಜೀವನದಲ್ಲಿ ಯಾವ ಎದುರಾಳಿಯೂ ನನ್ನನ್ನು ಅಷ್ಟು ಚಿಕ್ಕ ಮಾತಿನಲ್ಲಿ ಸೋಲಿಸಿಲ್ಲ.

ಎಲ್ಲ ನನ್ನದೇ ಎಂದು ಒಪ್ಪಿಕೊಂಡೆ. ಬೆಳಿಗ್ಗೆ ಅಲ್ಲಿ ಹೇಳಿದ್ದು, ಮಧ್ಯಾಹ್ನ ಇಲ್ಲಿ ಹೇಳಿದ್ದು, ಎಲ್ಲ. ಅಪ್ಪ ಕೇಳಿಸಿಕೊಂಡ. "ನೀ ಏನರ ಹೇಳವಾ. ಕಳಿಸಿದ ಕೈ ಯಾರದು?" ಎಂದು ಅಂಗಡಿಗೆ ಹೋದ.

ಮಂಗಳವಾರದ ಮೊದಲ ರೈಲು ಹೋಯಿತು. ನಾನು ಕಾಲೇಜಿಗೆ ಹೋಗಲಿಲ್ಲ. ಮಧ್ಯಾಹ್ನ ಅಂಗಡಿಗೆ ಬುತ್ತಿ ಒಯ್ದೆ. ಹಂಚಿನ ಸಾಲುಗಳ ನಡುವೆ ಅಪ್ಪ ಒಬ್ಬನೇ ಕೂತಿದ್ದ.

"ಅಪ್ಪಾ, ಆ ಟಪಾಲು ತಗದು ಓದಿದಿ?"

"ಓದೂದೇನೈತಿ? ಮ್ಯಾಲ ಬರದೈತಲ್ಲ, ಆಮಂತ್ರಣ ಅಂತ."

ಸಂಶಯಪಡುವವರ ಮನೆಯಲ್ಲಿ ಎಂಥ ಅಪರಾಧ! ಪೂರ್ತಿ ಓದದೆ ತೀರ್ಪು! ಆದರೆ ನಾನಾದರೂ ಏನು ಮಾಡಿದ್ದೆ? ಒಂದು ದಿನವಿಡೀ ನನಗೂ ತೆಗೆದು ನೋಡಬೇಕೆಂದು ಹೊಳೆದಿರಲಿಲ್ಲ. ಫೋನು ಇಸಿದುಕೊಂಡು ತೆಗೆದೆ. ಗಣಪತಿಯ ಚಿತ್ರವಿಲ್ಲ, ಮುಹೂರ್ತವಿಲ್ಲ, ಸಕುಟುಂಬ ಸಪರಿವಾರ ಇಲ್ಲ. ಗಟ್ಟಿಯಾಗಿ ಓದಿದೆ.

"ತಮ್ಮಾ, ನಿನ್ನ ಮಗಳು ಟಪಾಲು ಹಾಕ್ರಿ ಅಂದ್ಲು, ಹಾಕೇನಿ. ಮ್ಯಾಲ ಆಮಂತ್ರಣ ಅಂತ ಬರದೇನಿ. ಒಳಗ ಬರಿಯಾಕ ಕೈ ಬರಲಿಲ್ಲ. ನಿನ್ನ ಕೆಲಸಾ ಅಷ್ಟ ಬರದೇನಿ.

ಮಂಗಳವಾರ ಅಡಗಿಯವರು ಬರತಾರ. ಸಾರಿಗೆ ಉಪ್ಪು ನೋಡಬೇಕು.

ಬುಧವಾರ ಬೀಗರು ಬರತಾರ. ಅವರ ಕೂಡ ಮಾತಾಡಬೇಕು. ನನಗ ಬರೂದಿಲ್ಲ, ನಾ ಅವರ ಊರಿನ ಪಿನ್ ಕೋಡ್ ಕೇಳಕೋತ ಕುಂದರತೇನಿ.

ಗುರುವಾರ ಹುಡುಗಿನ್ನ ಕಳಿಸಿಕೊಡೋ ಹೊತ್ತಿನ್ಯಾಗ ನಾ ಅಳತೇನಿ. ನಮ್ಮವ್ವ ಹೋದಾಗ ನೀ ನನ್ನ ಬಾಜು ನಿಂತಿದ್ದಿ, ಅದಕ್ಕ ನಾ ಬೀಳಲಿಲ್ಲ. ವರ್ಷದ ಊಟದ ದಿನ ನೀ ಇರಲಿಲ್ಲ, ಗ್ವಾಡಿ ಹಿಡಕೊಂಡ ನಿಂತಿದ್ದೆ. ಅವತ್ತ ಫೋನ ಮಾಡಬೇಕಿತ್ತು. ಮಾಡಲಿಲ್ಲ. ಈ ಸಲ ಬಾಜು ನಿಂದರು."

ಅಷ್ಟೇ ಇತ್ತು. ಹೆಸರೂ ಹಾಕಿರಲಿಲ್ಲ.

ಅಪ್ಪ ಬುತ್ತಿಯ ಮುಚ್ಚಳ ತೆಗೆದವನು ಮತ್ತೆ ಹಾಕಿದ. "ಕಡೀದು ಇನ್ನೊಮ್ಮೆ ಓದು" ಎಂದ. ಓದಿದೆ.   ಆಮೇಲೆ ಅಪ್ಪ ವಾದಕ್ಕಿಳಿದ. ನನ್ನ ವಾದಮಾಡುವ ಚಟ ಯಾರಿಂದ ಬಂತೆಂದು ಆಗ ತಿಳಿಯಿತು.

"ಸಾರಿಗೆ ಉಪ್ಪು ನೋಡಾಕ ನಾನ ಬೇಕೇನು? ಅಡಗಿಯವರಿಗೆ ನಾಲಿಗಿ ಇಲ್ಲೇನು?"

"ಐತಿ."

"ಬೀಗರ ಕೂಡ ಮಾತಾಡಾಕ ನಿಮ್ಮ ದೊಡ್ಡವ್ವ ಸಾಕು. ಅವರು ಮಾತಿಗೆ ಕುಂತ್ರ ಬೀಗರಿಗೆ ಬಾಯಿ ತಗಿಯಾಕ ಆಗೂದಿಲ್ಲ."

"ಅದೂ ಖರೇನ" ಎಂದೆ. ಎರಡೂ ಅಂಶಗಳನ್ನು ಎದುರಾಳಿಗೆ ಬಿಟ್ಟುಕೊಟ್ಟೆ. ಹಾಗೆ ನಾನು ಎಂದೂ ಬಿಟ್ಟುಕೊಟ್ಟವಳಲ್ಲ. ಫೋನನ್ನು ಅವನ ಕೈಗೆ ಕೊಟ್ಟು, ಹಂಚಿನ ಸಾಲಿಗೆ ಆತು ನಿಂತು, ಉಳಿದ ಒಂದನ್ನು ಕೇಳಿದೆ.

"ಉಪ್ಪು ಅಡಗಿಯವರು ನೋಡ್ತಾರ. ಬೀಗರನ್ನ ದೊಡ್ಡವ್ವ ನೋಡ್ಕೋತಾರ. ಅಕ್ಕ ಕಾರ್ ಹತ್ತೂ ಹೊತ್ತಿಗೆ ದೊಡ್ಡಪ್ಪನ ಬಾಜು ಯಾರ ನಿಂದರಬೇಕು, ಅಪ್ಪಾ?"